ಹೊಟ್ಟೆಯೊಳಗಿನ ನೀರಿನ ಲೆಕ್ಕ: ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ?

ಏಲಕ್ಕಿಗಿಡ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ನಂಗೀಗ 32 ವಾರ. ಗ್ರೋಥ್ ಸ್ಕ್ಯಾನ್‌ನಲ್ಲಿ ಎಎಫ್‌ಐ (ಮಗುವಿನ ಸುತ್ತ ಇರೋ ನೀರಿನ ಅಳತೆ) 7.4 ಸೆಂ.ಮೀ. ಅಂತ ಬಂದಿದೆ, ಹೋದ ಸಲ 12 ಇತ್ತು. ಡಾಕ್ಟ್ರು "ಲೈಕರ್ (ಅದೇ ಆ ನೀರು) ಸ್ವಲ್ಪ ಕಮ್ಮಿ, ಚೆನ್ನಾಗಿ ನೀರು ಕುಡೀರಿ, ಮುಂದಿನ ವಾರ ಬನ್ನಿ" ಅಂದ್ರು. ಹೊರಗೆ ಬೆಂಚ್ ತುಂಬಾ ಬಸುರಿಯರು ಕೂತಿರುವಾಗ ಬಿಡಿಸಿ ಹೇಳಿ ಅಂತ ಯಾವ ಬಾಯಲ್ಲಿ ಕೇಳೋದು? ಮನೆಗೆ ಬಂದ್ರೆ ಅತ್ತೆ ಎಳನೀರು ಅಂತಾರೆ, ಅಮ್ಮ ಬಾರ್ಲಿ ಗಂಜಿ ಅಂತಾರೆ, ನಾದಿನಿ ಡ್ರಿಪ್ ಹಾಕಿಸ್ಕೋ ಅಂತಾಳೆ.

ಏನು ಕುಡೀಬೇಕು ಅಂತ ನಾನು ಕೇಳ್ತಿಲ್ಲ, ಆ ಸಲಹೆ ಈಗಾಗಲೇ ಕೊಡಗಟ್ಟಲೆ ಸಿಕ್ಕಿದೆ. ನಾನು ಕುಡಿದ ನೀರು ಹೋಗೋದು ಜಠರಕ್ಕೆ. ಮಗು ಇರೋದು ಗರ್ಭಕೋಶದೊಳಗೆ. ನಡುವೆ ದಾರಿ ಯಾವುದು? ಆ ನೀರನ್ನ ಮಾಡೋದು ಯಾರು? ಇಷ್ಟೇ ಇರಲಿ ಅಂತ ಹಿಡಿದಿಡೋದು ಯಾರು? ಗೊತ್ತಿರೋರು ಹೇಳಿ.

ತೆಂಗಿನಗರಿ (ಅರಸೀಕೆರೆ)

ಅಕ್ಕಾ, ದಿನಾ ಮೂರು ಎಳನೀರು ಕುಡೀರಿ, ವಾರದಲ್ಲಿ 15 ಆಗುತ್ತೆ. ನಮ್ಮ ಕಡೆ ಎಲ್ಲರಿಗೂ ಹಂಗೇ ಆಗಿರೋದು.

ಬಯಾಲಜಿ ಮೇಷ್ಟ್ರು (ಕಡೂರು)

ಅರಸೀಕೆರೆಯವರು ತೆಂಗು ಬಿಟ್ಟು ಬೇರೆ ಔಷಧಿ ಹೇಳಿದ್ರೆ ಆಶ್ಚರ್ಯ ಪಡಬೇಕಿತ್ತು.

ಏಲಕ್ಕಿಗಿಡ ಅವರೇ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಈಗಿನ ಹಂತದಲ್ಲಿ ಆ ನೀರನ್ನ ಮಾಡ್ತಿರೋದು ನಿಮ್ಮ ಮಗು, ನೀವಲ್ಲ. ಅದರ ಬಹುಪಾಲು ಮಗುವಿನ ಮೂತ್ರ.

ಮೊದಲ ಮೂರು ತಿಂಗಳ ಕಥೆ ಬೇರೆ. ಆಗ ಗರ್ಭಚೀಲದ ಪೊರೆಗಳ ಮೂಲಕ ಮತ್ತು ಮಗುವಿನ ಎಳೇ ಚರ್ಮದ ಮೂಲಕ ನೀರು ಆ ಕಡೆ ಈ ಕಡೆ ಜಿನುಗುತ್ತಿರುತ್ತೆ. 10 ವಾರಕ್ಕೆ ಇರೋದು ಸುಮಾರು 30 ಮಿ.ಲೀ., ಕಾಫಿ ಲೋಟದ ತಳ ಮುಚ್ಚುವಷ್ಟು. ಆ ಹೊತ್ತಿಗೆ ಮಗುವಿನ ಮೂತ್ರಪಿಂಡ ಕೆಲಸ ಶುರುಮಾಡಿರುತ್ತೆ. ಸುಮಾರು 16 ವಾರದಿಂದ ಮೂತ್ರವೇ ಮುಖ್ಯ ಮೂಲ. 20 ವಾರಕ್ಕೆ ಹೆಚ್ಚುಕಮ್ಮಿ 400 ಮಿ.ಲೀ. ನೀರಿರುತ್ತೆ. 22ರಿಂದ 25 ವಾರದೊಳಗೆ ಚರ್ಮ ಗಟ್ಟಿಯಾಗಿ ಆ ದಾರಿ ಮುಚ್ಚುತ್ತೆ. ನೀರು ತುತ್ತತುದಿ ಮುಟ್ಟೋದು 34 ವಾರದ ಆಸುಪಾಸಿನಲ್ಲಿ, 800 ಮಿ.ಲೀ.ಯಿಂದ ಒಂದು ಲೀಟರ್‌ವರೆಗೆ. ಆಮೇಲೆ ತಾನೇ ಇಳಿಯುತ್ತೆ.

ಈ ಒಂದು ಲೀಟರ್ ನಿಂತ ನೀರು ಅನ್ಕೋಬೇಡಿ. ದಿನ ತುಂಬಿದ ಮಗು 24 ಗಂಟೆಯಲ್ಲಿ 800ರಿಂದ 1200 ಮಿ.ಲೀ. ಮೂತ್ರ ಮಾಡುತ್ತೆ. ಶ್ವಾಸಕೋಶವೂ ದ್ರವ ಸುರಿಸುತ್ತೆ, ಅದರಲ್ಲಿ ಸುಮಾರು ಅರ್ಧವನ್ನ ಮಗು ಅಲ್ಲೇ ನುಂಗಿಬಿಡುತ್ತೆ, ಉಳಿದ 170 ಮಿ.ಲೀ.ಯಷ್ಟು ಹೊರಗೆ ಬರುತ್ತೆ. ಹೋಗೋ ದಾರಿಗಳಲ್ಲಿ ದೊಡ್ಡದು ನುಂಗೋದು: ದಿನಕ್ಕೆ 500ರಿಂದ 1000 ಮಿ.ಲೀ. ಅಂದ್ರೆ ಇಡೀ ನೀರು ಹೆಚ್ಚುಕಮ್ಮಿ ದಿನಕ್ಕೊಂದು ಸಲ ಹೊಸದಾಗುತ್ತೆ.

ಮಲ್ನಾಡ್ ಕಡುಬು (ಕೊಪ್ಪ)

ಅಯ್ಯೋ ಮಾರಾಯ್ರೇ, ಅಂದ್ರೆ ಮಗು ತನ್ನ ಉಚ್ಚೆ ತಾನೇ ಕುಡೀತಾ ಕೂತಿರ್ತದಾ? ಊಟದ ಹೊತ್ತಲ್ಲಿ ಓದಿದ್ದು ತಪ್ಪಾಯ್ತು.

ಬಯಾಲಜಿ ಮೇಷ್ಟ್ರು (ಕಡೂರು)

ಊಟ ಮಾಡಿ, ಗಲೀಜೇನಿಲ್ಲ. ನಮ್ಮ ಮೂತ್ರದಲ್ಲಿ ಹೊರಹೋಗೋ ಯೂರಿಯಾದಂಥ ಕಶ್ಮಲದ ಬಹುಪಾಲನ್ನ ಮಗುವಿನ ವಿಷಯದಲ್ಲಿ ಮಾಸು (ಪ್ಲಾಸೆಂಟಾ) ತೆಗೆದು ತಾಯಿಯ ರಕ್ತಕ್ಕೆ ದಾಟಿಸುತ್ತೆ. ಮಗುವಿನ ಮೂತ್ರ ಬಹಳ ತೆಳು, ಅದರ ರಕ್ತಕ್ಕಿಂತಲೂ ತೆಳು. ಈ ತೆಳುತನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಮತ್ತೆ ನುಂಗೋದರಿಂದಲೇ ಕರುಳಿಗೆ ಅಭ್ಯಾಸ ಆಗೋದು, ದ್ರವ ಒಳಗೆ ತುಂಬಿ ನಿಲ್ಲೋದರಿಂದಲೇ ಶ್ವಾಸಕೋಶ ಬೆಳೆಯೋದು. ಐದಾರನೇ ತಿಂಗಳಿಗೂ ಮೊದಲೇ ನೀರು ತೀರಾ ಬತ್ತಿದ್ರೆ ಶ್ವಾಸಕೋಶ ಬಲಿಯೋದಿಲ್ಲ ಅಂತ ಡಾಕ್ಟ್ರುಗಳು ಹೆದರೋದು ಇದಕ್ಕೇ.

ಲೆಕ್ಕಪತ್ರ (ಚನ್ನರಾಯಪಟ್ಟಣ)

ಮೇಷ್ಟ್ರೇ, ನಿಮ್ಮ ಲೆಕ್ಕ ತಾಳೆ ಆಗ್ತಿಲ್ಲ. ನಡುಮಧ್ಯದ ಅಂಕಿ ಹಿಡಿಯೋಣ. ಬರೋದು ಮೂತ್ರ 1000, ಶ್ವಾಸಕೋಶ 170, ಒಟ್ಟು 1170. ಹೋಗೋದು ನುಂಗಿದ್ದು 750. ದಿನಾ 420 ಮಿ.ಲೀ. ಉಳಿಯಬೇಕು. ವಾರಕ್ಕೆ ಮೂರು ಲೀಟರ್ ಹತ್ತಿರ ಆಯ್ತು. ಹಾಗಾದ್ರೆ ಎಲ್ಲ ಬಸುರಿಯರ ಹೊಟ್ಟೆಯೂ ಒಂದು ತಿಂಗಳೊಳಗೆ ಒಡೀಬೇಕಿತ್ತು. ಆ 420 ಎಲ್ಲಿಗೆ ಹೋಯ್ತು?

ಬಯಾಲಜಿ ಮೇಷ್ಟ್ರು (ಕಡೂರು)

ಶಭಾಷ್! ವಿಜ್ಞಾನಿಗಳನ್ನೂ ಬಹಳ ಕಾಲ ಕಾಡಿದ ಪ್ರಶ್ನೆ ಇದೇ. ಮಾಸಿನ ಮಗುವಿನ ಕಡೆಯ ಮೈಮೇಲೆ ರಕ್ತನಾಳಗಳು ಬೇರಿನ ಹಾಗೆ ಹರಡಿರುತ್ತವೆ, ಅವುಗಳ ಮೇಲೆ ತೆಳ್ಳನೆಯ ಆಮ್ನಿಯಾನ್ ಪೊರೆ ಹೊದ್ದಿರುತ್ತೆ. ನೀರು ಆ ಪೊರೆ ದಾಟಿ ನೇರವಾಗಿ ಮಗುವಿನ ರಕ್ತಕ್ಕೆ ಸೇರಿಕೊಳ್ಳುತ್ತೆ. ಹೊರಗಿನ ನೀರು ತೆಳು, ರಕ್ತ ಅದಕ್ಕಿಂತ ಗಟ್ಟಿ, ಹಾಗಾಗಿ ನೀರಿನ ಎಳೆತ ರಕ್ತದ ಕಡೆಗೇ. ದಿನಕ್ಕೆ 200ರಿಂದ 500 ಮಿ.ಲೀ. ಈ ದಾರಿಯಲ್ಲಿ ಹೋಗುತ್ತೆ ಅಂತ ಅಂದಾಜು. ನಿಮ್ಮ 420 ಅಲ್ಲೇ ಇದೆ. ಇದಲ್ಲದೆ ಪೊರೆಗಳ ಮೂಲಕ ಗರ್ಭಕೋಶದ ಗೋಡೆಗೆ, ಅಂದ್ರೆ ತಾಯಿ ಕಡೆಗೆ, ಸೋರೋದು ದಿನಕ್ಕೆ ಹತ್ತು ಮಿ.ಲೀ. ಅಷ್ಟೇ.

ಈಗ ಎರಡನೇ ಪ್ರಶ್ನೆ, ಹಿಡಿದಿಡೋದು ಯಾರು. ಮಗು ನೀರು ಹೆಚ್ಚಾಯ್ತು ಅಂತ ಹೆಚ್ಚು ನುಂಗುತ್ತೆ, ಕಮ್ಮಿಯಾಯ್ತು ಅಂತ ಹೆಚ್ಚು ಮೂತ್ರ ಮಾಡುತ್ತೆ ಅನ್ನೋದು ನಮಗೆಲ್ಲ ತೋಚೋ ವಿವರಣೆ. ಆದರೆ ಕುರಿಗಳ ಮೇಲೆ ನಡೆದ ಪ್ರಯೋಗಗಳು ಬೇರೆ ಕಥೆ ಹೇಳಿದವು. ಹೊಟ್ಟೆಯೊಳಗಿನ ಮರಿಯ ಅನ್ನನಾಳ ಕಟ್ಟಿ, ನುಂಗೋದನ್ನೇ ನಿಲ್ಲಿಸಿ ನೋಡಿದ್ರು. ನೀರು ಏರ್ತಾ ಏರ್ತಾ ಹೋಗಬೇಕಿತ್ತಲ್ಲ? ಹೋಗಲಿಲ್ಲ. ಪೊರೆಯ ಮೂಲಕ ಹೀರೋದು ಹೆಚ್ಚಾಗಿ ಹೆಚ್ಚುಕಮ್ಮಿ ಸರಿದೂಗಿಸಿತು. ಅಂದ್ರೆ ಕೈ ಬಿಗಿ ಸಡಿಲ ಮಾಡೋ ಜಾಗ ಮಗುವಿನ ಬಾಯಲ್ಲ, ಮೂತ್ರಪಿಂಡವೂ ಅಲ್ಲ, ಆ ಪೊರೆ.

ನಮ್ಮ ಸಖರಾಯಪಟ್ಟಣದ ಅಯ್ಯನಕೆರೆ ನೋಡಿದವರಿಗೆ ಹೀಗೆ ಹೇಳಬಹುದು: ಹಳ್ಳದಲ್ಲಿ ಎಷ್ಟು ಬರಬೇಕೋ ಅಷ್ಟು ಬರುತ್ತೆ, ಕೆರೆಯ ಮಟ್ಟ ಕಾಯೋನು ತೂಬಿನ ಹತ್ತಿರ ಕೂತಿರ್ತಾನೆ. ಕೋಡಿ ಅಂತ ಮಾತ್ರ ತಿಳ್ಕೋಬೇಡಿ. ಕೋಡಿ ಬೀಳೋದು ಕೆರೆ ತುಂಬಿದ ಮೇಲೆ. ಇದು ಸದಾ ತೆರೆದಿರೋ ತೂಬು, ಎಷ್ಟು ತೆರೆದಿದೆ ಅನ್ನೋದು ಮಾತ್ರ ಬದಲಾಗುತ್ತೆ.

ಲೆಕ್ಕಪತ್ರ (ಚನ್ನರಾಯಪಟ್ಟಣ)

ತೂಬಿನವನಿಗೆ ಮಟ್ಟ ಗೊತ್ತಾಗೋದು ಹೇಗೆ?

ಬಯಾಲಜಿ ಮೇಷ್ಟ್ರು (ಕಡೂರು)

ಆ ಗಂಟು ವಿಜ್ಞಾನಕ್ಕೇ ಇನ್ನೂ ಪೂರ್ತಿ ಬಿಚ್ಚಿಲ್ಲ. ಪೊರೆಯ ಜೀವಕೋಶಗಳಲ್ಲಿ ಆಕ್ವಾಪೊರಿನ್ ಅನ್ನೋ ನೀರಿನ ಕಂಡಿಗಳಿವೆ. ಅದರ ಜೊತೆಗೆ ಜೀವಕೋಶ ಒಂದು ಪಕ್ಕದಲ್ಲಿ ದ್ರವವನ್ನ ಸಣ್ಣ ಸಣ್ಣ ಗುಳ್ಳೆಗಳಲ್ಲಿ ತುಂಬಿಕೊಂಡು ಇನ್ನೊಂದು ಪಕ್ಕಕ್ಕೆ ಸಾಗಿಸುತ್ತೆ, ಉಪ್ಪು ಸಮೇತ. ಹೀರುವಿಕೆಯನ್ನ ಚುರುಕು ಮಾಡೋ ಅಂಶ ಮಗುವಿನ ಮೂತ್ರದಲ್ಲಿದೆ, ತಡೆಯೋ ಅಂಶ ಪೊರೆಗಳಿಂದ ಬರುತ್ತೆ ಅನ್ನೋದು ಕುರಿ ಪ್ರಯೋಗಗಳು ತೋರಿಸಿದ ದಿಕ್ಕು. ಬಸುರಿ ಹೆಂಗಸಿನ ಹೊಟ್ಟೆಯಲ್ಲಿ ಅಂಥ ಪ್ರಯೋಗ ಮಾಡೋಕಾಗಲ್ಲವಲ್ಲ, ಅದಕ್ಕೇ ಕೆಲಸ ನಿಧಾನ.

ಸೀಗೇಕಾಯಿ ದೊಡ್ಡಮ್ಮ (ಹೊಳೆನರಸೀಪುರ)

ನಾವು ಐದು ಹೆತ್ತಿದೀವಿ. ಸ್ಕ್ಯಾನೂ ಇರ್ಲಿಲ್ಲ, ಸೆಂಟಿಮೀಟ್ರೂ ಇರ್ಲಿಲ್ಲ. ಸುಮ್ಕೆ ಹುಡುಗೀನ ಹೆದರಿಸ್ತೀರಲ್ಲಪ್ಪ. ಕಾದಾರಿದ ನೀರು ಕುಡಿ, ಎಡಮಗ್ಗುಲಿಗೆ ಮಲಗು, ಆಗ್ತದೆ ಮಗಳೇ.

ಹಳೇ ಡ್ಯೂಟಿ ಡಾಕ್ಟರ್ (ಹಾಸನ)

ದೊಡ್ಡಮ್ಮಾ, ನೀವು ಹೇಳಿದ ಎರಡೂ ಮಾತನ್ನ ನಾನೂ ಒ.ಪಿ.ಡಿ.ಯಲ್ಲಿ ಹೇಳ್ತೀನಿ. ಆದ್ರೆ ಸ್ಕ್ಯಾನ್ ಇಲ್ಲದ ಕಾಲದಲ್ಲಿ ಹೊಟ್ಟೆಯಲ್ಲೇ ಹೋದ ಮಕ್ಕಳ ಲೆಕ್ಕ ಯಾರೂ ಇಟ್ಟಿರಲಿಲ್ಲ. ಅದನ್ನೂ ಹೇಳಬೇಕಾಗುತ್ತೆ.

ಏಲಕ್ಕಿಗಿಡ, ನಿಮ್ಮ ರಿಪೋರ್ಟ್ ವಿಷಯ. ಎಎಫ್‌ಐ ಅಂದ್ರೆ ಹೊಟ್ಟೆಯನ್ನ ಹೊಕ್ಕಳಿನ ಹತ್ತಿರ ನಾಲ್ಕು ಭಾಗ ಮಾಡಿ, ಪ್ರತಿ ಭಾಗದಲ್ಲೂ ಅತಿ ಆಳದ ನೀರಿನ ಗುಂಡಿಯನ್ನ ನೇರ ಅಳೆದು, ನಾಲ್ಕನ್ನೂ ಕೂಡಿಸಿದ ಸಂಖ್ಯೆ. ಅದು ಲೀಟರ್ ಅಲ್ಲ, ಮಿ.ಲೀ. ಅಲ್ಲ. 5 ಅಥವಾ ಅದಕ್ಕಿಂತ ಕೆಳಗಿದ್ರೆ ಕಮ್ಮಿ, 24–25 ಮೀರಿದ್ರೆ ಹೆಚ್ಚು ಅಂತ ರೂಢಿ. 5ರಿಂದ 8ರ ನಡುವೆ ಕೆಲವರು 'ಬಾರ್ಡರ್‌ಲೈನ್' ಅಂತ ಬರೀತಾರೆ. ನಿಮ್ಮದು ಅಲ್ಲಿದೆ. ಇನ್ನೊಂದು ಅಳತೆ ಇದೆ: ನಾಲ್ಕನ್ನೂ ಕೂಡಿಸದೆ ಎಲ್ಲಕ್ಕಿಂತ ಆಳದ ಒಂದೇ ಗುಂಡಿ. ಅದು 2ರಿಂದ 8 ಸೆಂ.ಮೀ. ಒಳಗಿದ್ರೆ ಸರಿ. ಎರಡನ್ನೂ ಹೋಲಿಸಿದ ಪರೀಕ್ಷೆಗಳಲ್ಲಿ ಕಂಡದ್ದು ಏನು ಗೊತ್ತಾ? ಎಎಫ್‌ಐ ಹಿಡಿದು ಹೋದ್ರೆ 'ನೀರು ಕಮ್ಮಿ' ಅನ್ನಿಸಿಕೊಳ್ಳೋರು ಹೆಚ್ಚಾಗ್ತಾರೆ, ಔಷಧಿ ಕೊಟ್ಟು ಹೆರಿಗೆ ನೋವು ಬರಿಸೋದು ಹೆಚ್ಚಾಗುತ್ತೆ, ಮಕ್ಕಳಿಗೆ ಅದರಿಂದ ಹೆಚ್ಚಿನ ಲಾಭವೇನೂ ಕಾಣಲ್ಲ. ಹಾಗಾಗಿ ನನಗೆ ಒಂಟಿ ಗುಂಡಿಯ ಅಳತೆ ಮೇಲೇ ನಂಬಿಕೆ.

ನೀವು ಡಾಕ್ಟ್ರನ್ನ ಕೇಳಬೇಕಾದ್ದು ಬೇರೆ ಇದೆ. ಮಗುವಿನ ಬೆಳವಣಿಗೆ ವಾರಕ್ಕೆ ತಕ್ಕ ಹಾಗಿದೆಯಾ? ಡಾಪ್ಲರ್ (ಹೊಕ್ಕುಳಬಳ್ಳಿಯಲ್ಲಿ ರಕ್ತದ ಓಡಾಟ ನೋಡೋ ಸ್ಕ್ಯಾನ್) ಮಾಡಿದ್ರಾ? ನಿಮ್ಮ ಬಿ.ಪಿ. ಎಷ್ಟು? ಮಾಸು ಸರಿಯಾಗಿ ಕೆಲಸ ಮಾಡದಿದ್ರೆ ಮಗು ಇರೋ ರಕ್ತವನ್ನ ಮೆದುಳಿಗೆ, ಹೃದಯಕ್ಕೆ ಮೊದಲು ಕಳಿಸುತ್ತೆ, ಮೂತ್ರಪಿಂಡಕ್ಕೆ ಕಮ್ಮಿ ಮಾಡುತ್ತೆ. ಮೂತ್ರ ಕಮ್ಮಿ, ನೀರು ಕಮ್ಮಿ. ಆಗ ನೀರಿನ ಕೊರತೆ ಮಾಸಿನ ಕೊರತೆಯ ಗುರುತು ಅಷ್ಟೇ, ನೀವು ಬಿಂದಿಗೆಗಟ್ಟಲೆ ಕುಡಿದ್ರೂ ಮೂಲ ಸರಿಹೋಗಲ್ಲ.

ಸ್ಕ್ಯಾನ್ ರೂಮಿನವನು (ಚಿಕ್ಕಮಗಳೂರು)

ಡಾಕ್ಟ್ರ ಮಾತಿಗೆ ಅಳೆಯೋನ ಕಡೆಯಿಂದ ಒಂದಿಷ್ಟು. ಪ್ರೋಬ್ ಸ್ವಲ್ಪ ಒತ್ತಿ ಹಿಡಿದ್ರೆ ಗುಂಡಿ ಚಪ್ಪಟೆಯಾಗಿ ಕಮ್ಮಿ ತೋರಿಸುತ್ತೆ. ಓರೆ ಹಿಡಿದ್ರೆ ಹೆಚ್ಚು. ಗುಂಡಿ ತುಂಬ ಹೊಕ್ಕುಳಬಳ್ಳಿಯ ಸುರುಳಿ ಇದ್ರೆ ಬರೀ ಕಪ್ಪಾಗಿ ನೀರಿನ ಹಾಗೇ ಕಾಣುತ್ತೆ, ರಕ್ತದ ಓಡಾಟ ತೋರಿಸೋ ಕಲರ್ ಹಾಕಿದಾಗಲೇ ಕೆಂಪು ನೀಲಿ ಮಿನುಗೋದು. ನಾನು ಗುಂಡಿ ಅಳೆಯುವಾಗ್ಲೇ ಮಗು ಕಾಲು ಚಾಚಿ ಅಲ್ಲಿನ ನೀರನ್ನ ಆಚೆ ತಳ್ಳಿರುತ್ತೆ. ಅದಕ್ಕೇ ಒಂದು ಕಡೆ 12, ಇನ್ನೊಂದು ಕಡೆ 9 ಬಂತು ಅಂತ ಹೌಹಾರಬೇಡಿ. ಬೇರೆ ಬೇರೆ ಸೆಂಟರಿನ ಸಂಖ್ಯೆಗಳನ್ನ ಪಕ್ಕಪಕ್ಕ ಇಟ್ಟು ಗ್ರಾಫ್ ಎಳೆಯೋದು ವ್ಯರ್ಥ.

ಮತ್ತೆ ನೀರು ಕಮ್ಮಿ ಕಂಡಾಗ ನಾವು ಮೊದಲು ಹುಡುಕೋದು ಮಗುವಿನ ಮೂತ್ರಚೀಲ. ಕಾಯ್ತಾ ಇದ್ರೆ ಅದು ತುಂಬಿ, ಆಮೇಲೆ ಖಾಲಿಯಾಗಿ, ಮತ್ತೆ ತುಂಬೋದು ಪರದೆ ಮೇಲೇ ಕಾಣುತ್ತೆ. 20 ವಾರಕ್ಕೆ ಗಂಟೆಗೆ 5 ಮಿ.ಲೀ. ಇರೋ ಮೂತ್ರ ದಿನ ತುಂಬೋ ಹೊತ್ತಿಗೆ ಗಂಟೆಗೆ 50 ಮಿ.ಲೀ. ಮುಟ್ಟುತ್ತೆ. ಮೂತ್ರಚೀಲ ತುಂಬ್ತಿದೆ ಅಂದ್ರೆ ಮೂತ್ರಪಿಂಡ ಕೆಲಸ ಮಾಡ್ತಿದೆ. ತುಂಬಿದ್ದು ಖಾಲಿಯಾಗದೆ ಊದಿಕೊಂಡೇ ಇದ್ರೆ, ಗಂಡು ಮಗುವಲ್ಲಿ ಮೂತ್ರನಾಳದ ಕವಾಟ ಅಡ್ಡ ಬಂದಿರಬಹುದು. ಹೆಣ್ಣೋ ಗಂಡೋ ಅಂತ ಮಾತ್ರ ಕೇಳಬೇಡಿ, ಹೇಳಿದ್ರೆ ಜೈಲೂಟ.

ಏಲಕ್ಕಿಗಿಡ (ಮೂಡಿಗೆರೆ)

ಬೆಳವಣಿಗೆ ಸರಿ ಇದೆ ಅಂತ ಬರೆದಿದೆ, ಬಿ.ಪಿ. 110/70, ಡಾಪ್ಲರ್ ಮಾಡಿಲ್ಲ. ಎರಡು ಸ್ಕ್ಯಾನೂ ಬೇರೆ ಬೇರೆ ಕಡೆ ಆಗಿದ್ದು, ಇದನ್ನ ಯಾರೂ ಲೆಕ್ಕಕ್ಕೇ ತಗೊಂಡಿರಲಿಲ್ಲ. ಆದ್ರೆ ನನ್ನ ಪೈಪಿನ ಪ್ರಶ್ನೆ ಹಾಗೇ ಉಳೀತು. ನೀರನ್ನ ಮಾಡೋದು ಮಗು ಆದ್ರೆ ನಾನು ನೀರು ಕುಡೀಬೇಕು ಅಂತ ಯಾಕೆ ಹೇಳ್ತಾರೆ?

ಹಳೇ ಡ್ಯೂಟಿ ಡಾಕ್ಟರ್ (ಹಾಸನ)

ಪೈಪ್ ಇದೆ, ಅದೇ ಮಾಸು. ನೀವು ನೀರು ಕುಡಿದಾಗ ನಿಮ್ಮ ರಕ್ತ ಒಂದಿಷ್ಟು ತೆಳುವಾಗುತ್ತೆ. ಮಗುವಿನ ರಕ್ತ ಆಗ ಅದಕ್ಕಿಂತ ಗಟ್ಟಿ. ನೀರು ಮಾಸು ದಾಟಿ ಮಗುವಿನ ಕಡೆ ಸರಿಯುತ್ತೆ, ಮಗು ಅದನ್ನ ಮೂತ್ರ ಮಾಡಿ ಹೊರಹಾಕುತ್ತೆ. 1990ರ ದಶಕದ ಮೊದಲ ವರ್ಷಗಳಲ್ಲೇ ನೀರು ಕಮ್ಮಿ ಇದ್ದ ಬಸುರಿಯರಿಗೆ ಎರಡು ಲೀಟರ್ ನೀರು ಕುಡಿಸಿ ಮತ್ತೆ ಅಳೆದು ನೋಡಿದ್ರು, ಎಎಫ್‌ಐ ಏರಿತ್ತು. ಕೆಲಸ ಮಾಡೋದು ರಕ್ತ ತೆಳುವಾಗೋದು. ಅದಕ್ಕೇ ಸಾದಾ ನೀರು ಮಾಡೋ ಕೆಲಸವನ್ನ ಉಪ್ಪಿನಂಶದ ಸಲೈನ್ ಬಾಟಲಿ ಅಷ್ಟು ಚೆನ್ನಾಗಿ ಮಾಡಲ್ಲ. ನಿಮ್ಮ ನಾದಿನಿಗೆ ಹೇಳಿ, ಕುಡಿಯೋ ಬಾಯಿ ಇರುವಾಗ ಸೂಜಿ ಯಾಕೆ? ಅಮೈನೋ ಆಸಿಡ್ ಡ್ರಿಪ್, ಆರ್ಜಿನಿನ್ ಪುಡಿ ಇವೆಲ್ಲ ನಮ್ಮಲ್ಲಿ ಧಾರಾಳವಾಗಿ ಬರೀತಾರೆ, ಆದ್ರೆ ಅವಕ್ಕೆ ಗಟ್ಟಿ ಪುರಾವೆ ಇಲ್ಲ.

ಸಂಖ್ಯೆ ಏರಿತು ಅಂದ ಮಾತ್ರಕ್ಕೆ ಮಗುವಿಗೆ ಒಳ್ಳೇದಾಯ್ತು ಅಂತಲೂ ಅಲ್ಲ. ನೀರಿನ ಕೊರತೆಗೆ ನೀವು ಬಾಯಾರಿದ್ದೇ ಕಾರಣ ಆಗಿದ್ರೆ ಸರಿಹೋಗುತ್ತೆ, ಇಲ್ಲದಿದ್ರೆ ಬರೀ ಸಂಖ್ಯೆ ಬದಲಾಗುತ್ತೆ.

ತೆಂಗಿನಗರಿ (ಅರಸೀಕೆರೆ)

ಹಂಗಾದ್ರೆ ಎಳನೀರು ವೇಸ್ಟಾ ಡಾಕ್ಟ್ರೇ?

ಹಳೇ ಡ್ಯೂಟಿ ಡಾಕ್ಟರ್ (ಹಾಸನ)

ಕುಡೀಲಿ, ಒಳ್ಳೇದೇ. ನೀರಿಗಿಂತ ಹೆಚ್ಚಿನ ಮಂತ್ರ ಅದರಲ್ಲಿಲ್ಲ. ಶುಗರ್ ಇದ್ದೋರು, ಕಿಡ್ನಿ ತೊಂದರೆ ಇದ್ದೋರು ಕೇಳಿಕೊಂಡು ಕುಡೀಬೇಕು, ಅದರಲ್ಲಿ ಸಕ್ಕರೆಯೂ ಇದೆ, ಪೊಟ್ಯಾಸಿಯಂ ಜಾಸ್ತಿ ಇದೆ.

ಆಶಾ ಅಕ್ಕ (ಸಕಲೇಶಪುರ)

ಬಾಯಾರಿಕೆ ಮಾತು ಬಂತಲ್ಲ ಅದಕ್ಕೆ ಬರೀತಿದೀನಿ. ತೋಟದ ಕೆಲಸಕ್ಕೆ ಹೋಗೋ ಬಸುರಿಯರು ಬೆಳಿಗ್ಗೆ ಕಾಫಿ ಕುಡಿದ್ರೆ ಸಂಜೆ ಲೈನಿಗೆ (ಕೂಲಿಯವರ ಮನೆಸಾಲಿಗೆ) ಬರೋವರೆಗೂ ನೀರು ಮುಟ್ಟಲ್ಲ. ತೋಟದಲ್ಲಿ ನೀರಿಲ್ಲ ಅಂತಲ್ಲ, ಕುಡಿದ್ರೆ ಒಂದಕ್ಕೆ ಎಲ್ಲಿ ಹೋಗೋದು? ಜೊತೆಗೆ ಗಂಡಸರು, ಗಿಡದ ಕೆಳಗೆ ಹಾವು, ಜಿಗಣೆ, ಈಗ ಆನೆ ಭಯ ಬೇರೆ. ಮಳೆಗಾಲದಲ್ಲಿ ಚಳಿಗೆ ಬಾಯಾರಿಕೆಯೇ ಆಗಲ್ಲ. ಇವರಿಗೆ 'ನೀರು ಚೆನ್ನಾಗಿ ಕುಡಿ' ಅಂದ್ರೆ ತಲೆ ಆಡಿಸ್ತಾರೆ, ಅಷ್ಟೇ. ನಾನು ಮೇಸ್ತ್ರಿ ಹತ್ತಿರ ಮಾತಾಡಿ ಮನೆ ಹತ್ತಿರದ ಕೆಲಸ ಹಾಕಿಸ್ತೀನಿ, ಅದು ಹೆಚ್ಚು ಉಪಯೋಗ.

ಇನ್ನೊಂದು, ಕಾಫಿ ಕುಯ್ಲಲ್ಲಿ ಸೊಂಟನೋವು ಅಂತ ಅಂಗಡೀಲಿ ನೋವಿನ ಮಾತ್ರೆ ತಗೊಂಡು ನುಂಗ್ತಾರೆ. ಹೆಸರೂ ಗೊತ್ತಿರಲ್ಲ, 'ಕೆಂಪು ಮಾತ್ರೆ' ಅಂತಾರೆ. ಅದರಿಂದ ನೀರು ಕಮ್ಮಿ ಆಗುತ್ತೆ ಅಂತ ತರಬೇತಿಯಲ್ಲಿ ಕೇಳಿದ್ದೆ. ಹೌದಾ ಮೇಡಂ?

ಹಳೇ ಡ್ಯೂಟಿ ಡಾಕ್ಟರ್ (ಹಾಸನ)

ಹೌದಮ್ಮ, ಇದನ್ನ ದೊಡ್ಡಕ್ಷರದಲ್ಲಿ ಬರೆದು ಅಂಟಿಸಬೇಕು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಮಾಸು ದಾಟಿ ಮಗುವಿನ ಮೂತ್ರಪಿಂಡಕ್ಕೆ ಹೋಗೋ ರಕ್ತ ಕಮ್ಮಿ ಮಾಡ್ತವೆ, ಮೂತ್ರ ಇಳಿಯುತ್ತೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2020ರಲ್ಲಿ 20 ವಾರ ಕಳೆದ ಮೇಲೆ ಇವನ್ನ ತಗೋಬಾರದು ಅಂತ ಎಚ್ಚರಿಕೆ ಕೊಟ್ಟಿತು. ಬೇಗ ಗೊತ್ತಾಗಿ ನಿಲ್ಲಿಸಿದ್ರೆ ಸಾಮಾನ್ಯವಾಗಿ ನೀರು ವಾಪಸ್ ಬರುತ್ತೆ. ಪ್ಯಾರಾಸಿಟಮಾಲ್ ಈ ಜಾತಿಯದ್ದಲ್ಲ. ಬಿ.ಪಿ. ಏರದಿರಲಿ ಅಂತ ಡಾಕ್ಟ್ರು ಕೊಟ್ಟ ಸಣ್ಣ ಡೋಸ್ ಆಸ್ಪಿರಿನ್ ಇದ್ರೆ ಇದನ್ನ ಓದಿ ನಿಲ್ಲಿಸಬೇಡಿ, ಅದು ಬೇರೆ ಲೆಕ್ಕ. ಮೊದಲಿಂದ ಬಿ.ಪಿ.ಗೆ ಟೆಲ್ಮಿಸಾರ್ಟನ್, ಎನಾಲಾಪ್ರಿಲ್ ಥರದ್ದು ತಗೊಳ್ತಿದ್ದೋರು ಬಸುರಿ ಅಂತ ಗೊತ್ತಾದ ದಿನವೇ ಡಾಕ್ಟ್ರಿಗೆ ಹೇಳಿ ಬದಲಾಯಿಸಿಕೊಳ್ಳಿ. ಅವೂ ಮಗುವಿನ ಮೂತ್ರಪಿಂಡಕ್ಕೇ ಪೆಟ್ಟು.

ಹೊಯ್ಸಳ ಬೀದಿ (ಬೇಲೂರು)

ಎಲ್ಲರೂ ಕಮ್ಮಿ ಅಂತಿದೀರ. ನನ್ನ ತಂಗಿಗೆ 27 ಇದೆ! ಹೊಟ್ಟೆ ನೋಡಿದೋರೆಲ್ಲ ಅವಳಿನಾ ಅಂತ ಕೇಳ್ತಾರೆ, ಮಲಗಿದ್ರೆ ಉಸಿರು ಕಟ್ಟುತ್ತಂತೆ. ನೀರು ಕುಡಿಯೋದು ಬಿಡು ಅಂತ ನಮ್ಮಮ್ಮ ಹೇಳ್ತಿದಾರೆ.

ಹಳೇ ಡ್ಯೂಟಿ ಡಾಕ್ಟರ್ (ಹಾಸನ)

ಬೇಡ, ನೀರು ಬಿಡಿಸಬೇಡಿ. ಶುಗರ್ ಟೆಸ್ಟ್ ಆಯ್ತಾ? 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡೋದು, 140 ಅಥವಾ ಮೇಲೆ ಬಂದ್ರೆ ಬಸುರಿನ ಸಕ್ಕರೆ ಕಾಯಿಲೆ. ತಾಯಿಯ ಸಕ್ಕರೆ ಮಾಸು ದಾಟುತ್ತೆ, ಮಗುವಿನ ರಕ್ತದಲ್ಲೂ ಸಕ್ಕರೆ ಏರುತ್ತೆ, ಮಗು ಹೆಚ್ಚು ಮೂತ್ರ ಮಾಡುತ್ತೆ. ಸಕ್ಕರೆ ಹತೋಟಿಗೆ ಬಂದ್ರೆ ಎಷ್ಟೋ ಸಲ ನೀರೂ ಇಳಿಯುತ್ತೆ. ಸಕ್ಕರೆ ಸರಿ ಇದ್ರೆ ಮಗು ನುಂಗ್ತಿದೆಯಾ ಅಂತ ನೋಡ್ತಾರೆ: ಅನ್ನನಾಳ ಕೂಡಿಲ್ಲದಿರೋದು, ಸಣ್ಣಕರುಳಿನ ಮೊದಲ ಭಾಗ ಮುಚ್ಚಿರೋದು. ಮಗುವಿಗೆ ರಕ್ತಹೀನತೆ ಇದೆಯಾ ಅಂತಲೂ ನೋಡ್ತಾರೆ. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಾರಣವೇ ಸಿಗಲ್ಲ, ಸಾಮಾನ್ಯವಾಗಿ ಮಗು ಚೆನ್ನಾಗೇ ಇರುತ್ತೆ. ನೀರು ಒಡೆದ್ರೆ ಮಾತ್ರ ಮನೇಲಿ ಒಂದು ನಿಮಿಷ ಕೂರಬೇಡಿ, ರಭಸಕ್ಕೆ ಹೊಕ್ಕುಳಬಳ್ಳಿ ಕೆಳಗೆ ಜಾರೋ ಅಪಾಯ ಇದೆ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರೋವರೆಗೂ ಎಡಮಗ್ಗುಲಿಗೆ ಮಲಗಿರಲಿ.

ಬಯಾಲಜಿ ಮೇಷ್ಟ್ರು (ಕಡೂರು)

ಅನ್ನನಾಳ ಕೂಡಿರದ ಎಲ್ಲ ಮಕ್ಕಳಲ್ಲೂ ನೀರು ಹೆಚ್ಚಾಗಲ್ಲ ಅನ್ನೋದನ್ನ ಗಮನಿಸಿ. ಕುರಿಮರಿಯಲ್ಲಿ ಕಂಡದ್ದೇ ಇಲ್ಲೂ ಇಣುಕುತ್ತೆ. ಪೊರೆ ಆ ಹೊರೆ ಹೊತ್ತುಕೊಂಡರೆ ಸ್ಕ್ಯಾನ್‌ನಲ್ಲಿ ಸುಳಿವೇ ಸಿಗದಿರಬಹುದು.

ಮಲ್ನಾಡ್ ಕಡುಬು (ಕೊಪ್ಪ)

ಊಟ ಮುಗೀತು, ಈಗ ನನ್ನದೊಂದು ಸಂಶಯ. ಸ್ವಲ್ಪ ಸ್ವಲ್ಪ ಸೋರ್ತಾ ಇದ್ರೆ ಅದು ಮೂತ್ರವೋ, ಬಿಳಿ ಹೋಗೋದೋ, ಆ ನೀರೋ ಗೊತ್ತಾಗೋದು ಹೇಗೆ? ಕೇಳೋಕೆ ನಾಚಿಕೆ ಅಂತ ಎಷ್ಟೋ ಜನ ಸುಮ್ನಿರ್ತಾರೆ.

ಆಶಾ ಅಕ್ಕ (ಸಕಲೇಶಪುರ)

ನಾನು ಹೇಳೋದು ಇಷ್ಟು. ಮೂತ್ರ ಮಾಡಿ ಬಂದು ಒಣಗಿದ ಬಿಳಿ ಪ್ಯಾಡ್ ಇಟ್ಕೊಂಡು ಒಂದರ್ಧ ಗಂಟೆ ಓಡಾಡಿ. ಆ ನೀರು ತೆಳ್ಳಗಿರುತ್ತೆ, ಹಿಡಿದುಕೊಳ್ಳೋಕೆ ಬರಲ್ಲ, ಮೂತ್ರದ ವಾಸನೆ ಇರಲ್ಲ. ಪ್ಯಾಡ್ ಒದ್ದೆ ಆದ್ರೆ ಅದನ್ನೇ ಕವರಲ್ಲಿ ಹಾಕ್ಕೊಂಡು, ತಾಯಿ ಕಾರ್ಡ್ ಹಿಡ್ಕೊಂಡು ಆಸ್ಪತ್ರೆಗೆ ಹೋಗಿ, ನಾಳೆ ನೋಡೋಣ ಅನ್ಬೇಡಿ. ಹಸಿರು ಬಣ್ಣ ಇದ್ರೆ, ಜ್ವರ ಇದ್ರೆ, ಮಗು ಆಡೋದು ಕಮ್ಮಿ ಆದ್ರೆ ರಾತ್ರಿ ಎಷ್ಟೊತ್ತಾದ್ರೂ ಸರಿ. ಸ್ಕ್ಯಾನಿಗೆ ದುಡ್ಡಿಲ್ಲ ಅನ್ನೋರು ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗೆ ಬನ್ನಿ, ಆವತ್ತು ಬಸುರಿಯರಿಗೆ ಡಾಕ್ಟ್ರ ತಪಾಸಣೆ ಉಚಿತ.

ಏಲಕ್ಕಿಗಿಡ (ಮೂಡಿಗೆರೆ)

ಇವತ್ತು ಮತ್ತೆ ಸ್ಕ್ಯಾನ್ ಆಯ್ತು, ಈ ಸಲ ಮೊದಲ ಸೆಂಟರಿನಲ್ಲೇ ಮಾಡಿಸಿದೆ. ಎಎಫ್‌ಐ 9. ಅತಿ ಆಳದ ಗುಂಡಿ ಎಷ್ಟು ಅಂತ ನಾನೇ ಕೇಳಿದ್ದಕ್ಕೆ ಡಾಕ್ಟ್ರು ಕನ್ನಡಕ ಇಳಿಸಿ ನನ್ನನ್ನ ಒಂದು ಸಲ ನೋಡಿದ್ರು, ಆಮೇಲೆ ನಕ್ಕು 3.6 ಅಂದ್ರು. ಡಾಪ್ಲರ್ ನಾರ್ಮಲ್. ಮಗುವಿನ ಮೂತ್ರಚೀಲವನ್ನೂ ತೋರಿಸಿದ್ರು, ಕಡ್ಲೆಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಕಪ್ಪಗೆ. ಇನ್ನು ಎರಡು ವಾರ ಬಿಟ್ಟು ಬರಬೇಕಂತೆ. ಅತ್ತೆ ಎಳನೀರಿನಿಂದಲೇ ಏರಿದ್ದು ಅಂತಿದಾರೆ, ನಾನು ವಾದ ಮಾಡೋಕೆ ಹೋಗಿಲ್ಲ.

ತೆಂಗಿನಗರಿ (ಅರಸೀಕೆರೆ)

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ.

ಲೆಕ್ಕಪತ್ರ (ಚನ್ನರಾಯಪಟ್ಟಣ)

ನನ್ನ ಹೆಂಡತಿಗೆ ಡೇಟ್ ದಾಟಿ ನಾಲ್ಕು ದಿನ ಆಯ್ತು. ವಾರಕ್ಕೆ ಎರಡು ಸಲ ನೀರು ನೋಡ್ತೀವಿ ಅಂತಿದಾರೆ. ಬೆಳೆದ ಮಗು ಹೆಚ್ಚು ಮೂತ್ರ ಮಾಡಬೇಕಲ್ಲ, ನೀರು ಯಾಕೆ ಇಳಿಯುತ್ತೆ?

ಹಳೇ ಡ್ಯೂಟಿ ಡಾಕ್ಟರ್ (ಹಾಸನ)

ದಿನ ಮೀರಿದ ಮೇಲೆ ಮೂತ್ರ ಏರಲ್ಲ, ಇಳಿಯುತ್ತೆ. 42 ವಾರ ಮುಟ್ಟೋ ಹೊತ್ತಿಗೆ ನೀರು ಸುಮಾರು 400 ಮಿ.ಲೀ.ಗೆ ಬಂದಿರೋದುಂಟು. ನೀರು ಕಮ್ಮಿಯಾದಾಗ ನೋವಿನ ಹೊತ್ತಲ್ಲಿ ಹೊಕ್ಕುಳಬಳ್ಳಿ ಒತ್ತಿಕೊಳ್ಳೋ ಸಂಭವ ಹೆಚ್ಚು, ಅದಕ್ಕೇ ನೀರಿನ ಜೊತೆ ಎನ್‌ಎಸ್‌ಟಿಯನ್ನೂ (ಮಗುವಿನ ಎದೆಬಡಿತ ನೋಡೋ ಪರೀಕ್ಷೆ) ಮಾಡ್ತಾರೆ. 41 ವಾರ ತುಂಬಿದ ಮೇಲೆ ನೋವು ಬರಿಸೋಣ ಅಂದ್ರೆ ಒಪ್ಪಿಕೊಳ್ಳಿ. ಈಗ ಮಗು ಆಡ್ತಿದೆಯಾ ಅಂತ ಅವರನ್ನೇ ಕೇಳಿ ಇಲ್ಲಿ ಬರೀರಿ.

ಲೆಕ್ಕಪತ್ರ (ಚನ್ನರಾಯಪಟ್ಟಣ)

ಒದೆಯೋದು ಜೋರಾಗೇ ಇದೆಯಂತೆ ಮೇಡಂ. ಗುರುವಾರ ಎನ್‌ಎಸ್‌ಟಿ ಇದೆ.